ಎದೆಯ ಫೋಟೊ ತೆಗೆಯುವ ಆಸ್ಮಾ

"ಉಸಿರು ಎಳ್ಕೊಂಡು ಹಿಡ್ಕೊಳ್ರಿ" ಎಂದು ನಮ್ಮ ಜನಕ್ಕೆ ಒಂದು ಸಲ ಹೇಳಿ ನೋಡಿ. ಗಂಡಸರು ಹೊಟ್ಟೆ ಉಬ್ಬಿಸಿ ಪೈಲ್ವಾನರ ಹಾಗೆ ನಿಲ್ಲುತ್ತಾರೆ. ಹೆಂಗಸರು ಸೆರಗನ್ನು ಬಾಯಿಗೆ ಹಿಡಿದು ನಗುತ್ತಾರೆ. ಮುದುಕಿಯರಂತೂ "ಹ್ಞೂ, ಹಿಡ್ಕಂಡೀನಿ ಕಣವ್ವ" ಎಂದು ಬಾಯಿ ಬಿಟ್ಟು ಹೇಳಿ, ಹಿಡಿದದ್ದನ್ನೆಲ್ಲ ಅಲ್ಲೇ ಕಳೆದುಬಿಡುತ್ತಾರೆ. ಎದೆಯ ಎಕ್ಸ್-ರೇ ಸರಿಯಾಗಿ ಬರಬೇಕಾದರೆ ಒಂದು ಗಳಿಗೆ ಉಸಿರು ಒಳಗೆ ನಿಲ್ಲಬೇಕು, ಇಲ್ಲದಿದ್ದರೆ ಫೋಟೊ ಮಂಜು ಮಂಜು. ಆಸ್ಮಾ ಇದಕ್ಕೆ ತನ್ನದೇ ಉಪಾಯ ಮಾಡಿಕೊಂಡಿದ್ದಾಳೆ. ಗಂಡಸರಿಗೆ "ಬಾವಿಗೆ ಧುಮುಕೋ ಮುಂಚೆ ಎಳ್ಕಂತೀರಲ್ಲ, ಹಂಗೆ" ಎನ್ನುತ್ತಾಳೆ. ಹೆಂಗಸರಿಗೆ "ಒಲೆ ಊದೋ ಮುಂಚೆ ಎಳ್ಕಂತೀರಲ್ಲ, ಹಂಗೆ. ಆದ್ರೆ ಊದಬ್ಯಾಡ್ರಿ, ಒಲೆ ಆರಿದ್ರೆ ಆರ್ಲಿ" ಎನ್ನುತ್ತಾಳೆ. ಗ್ಯಾಸ್ ಒಲೆಯ ಸೊಸೆಯರಿಗೆ ಏನು ಹೇಳ್ತೀಯೇ ಎಂದು ನಾನು ಕೇಳಿದ್ದೆ. "ಬರ್ತ್‌ಡೇ ಬಲೂನು ಅಂತೀನಿ ಅಕ್ಕ" ಎಂದಳು.

ನಾನು ಅನ್ನಪೂರ್ಣಮ್ಮ, ಬಿಳಿಚೋಡಿನ ಆಶಾ ಕಾರ್ಯಕರ್ತೆ. ಬಸುರಿಯರನ್ನು ಸ್ಕ್ಯಾನಿಂಗಿಗೆ ಕರೆದುಕೊಂಡು ಹೋಗುವುದು, ಕೂಸುಗಳಿಗೆ ಲಸಿಕೆ ಹಾಕಿಸುವುದು, ಕೆಮ್ಮುವವರನ್ನು ಹುಡುಕಿ ಪರೀಕ್ಷೆಗೆ ಕಳಿಸುವುದು ನನ್ನ ಕೆಲಸ. ನನ್ನ ಬಾಯಿ ಜೋರು ಅಂತ ಊರಲ್ಲಿ ಹೆಸರು. ಜೋರಿಲ್ಲದಿದ್ದರೆ ಈ ಊರಿನ ಒಬ್ಬ ಗಂಡಸೂ ಬಿ.ಪಿ. ನೋಡಿಸಿಕೊಳ್ಳುತ್ತಿರಲಿಲ್ಲ, ಅದನ್ನು ಯಾರೂ ಹೇಳುವುದಿಲ್ಲ. ಆಸ್ಮಾ ನನಗೆ ನೆಂಟಳಲ್ಲ, ನಮ್ಮೂರಿನವಳೂ ಅಲ್ಲ. ಆದರೆ ಅವಳ ಬಗ್ಗೆ ಯಾರಾದರೂ ಕೇಳಿದರೆ ಒಲೆ ಮೇಲಿನ ಹಾಲು ಉಕ್ಕಿದರೂ ಗೊತ್ತಾಗದಷ್ಟು ಹೊತ್ತು ಮಾತಾಡುತ್ತೇನೆ.

ಅವಳು ನ್ಯಾಮತಿಯ ಹುಡುಗಿ. ಅಪ್ಪ ಗೌಸ್‌ಪೀರ್ ಗಾದಿ ಮಾಡುವವರು, ಪಿಂಜಾರರು. ಮನೆಯಲ್ಲಿ ಆಡುವುದೂ ಕನ್ನಡವೇ. ಹಳೆಯ ಗಾದಿ ಬಿಚ್ಚುವ ಮುಂಚೆ ಹತ್ತಿ ಎಲ್ಲೆಲ್ಲಿ ಗಂಟುಗಟ್ಟಿದೆ ಎಂದು ಅಂಗೈ ಒತ್ತಿ ಹುಡುಕುವುದು ಚಿಕ್ಕಂದಿನಲ್ಲಿ ಇವಳ ಪಾಲಿನ ಕೆಲಸವಾಗಿತ್ತು. ಒಂದು ದಿನ ಹತ್ತಿಯ ಮೂಟೆಗಳ ಮೇಲೆ ಹತ್ತಿ ಕುಣಿಯುತ್ತ ಕೆಳಗೆ ಬಿದ್ದು ಕೈ ಮುರಿದುಕೊಂಡಳು. "ಮನೆ ತುಂಬ ಹತ್ತಿ ಇಟ್ಕಂಡು ನೆಲದ ಮ್ಯಾಲೆ ಬಿದ್ಯಲ್ಲೇ" ಎಂದು ಗೌಸ್‌ಪೀರ್ ಈಗಲೂ ಬೈಯುತ್ತಾರಂತೆ. ಹೊನ್ನಾಳಿಗೆ ಕರೆದುಕೊಂಡು ಹೋಗಿ ಎಕ್ಸ್-ರೇ ತೆಗೆಸಿದರು. ಅಲ್ಲಿ ಸುನಿತಾ ಎಂಬ ಟೆಕ್ನಿಷಿಯನ್, ಅಳುವ ಹುಡುಗಿಯನ್ನು ಸುಮ್ಮನಾಗಿಸಲು ಒದ್ದೆ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದಳು. ಆಸ್ಮಾ ಅಳು ನಿಲ್ಲಿಸಿ, "ಇದು ನಂದಾ? ಒಳಗೆ ಇಷ್ಟು ಚೆಂದ ಐತಾ?" ಎಂದು ಕೇಳಿದಳಂತೆ. ಆವತ್ತೇ ಅವಳ ಬದುಕು ನಿಶ್ಚಯವಾಯಿತು.

ಪಿಯುಸಿ ಮುಗಿಸಿ ದಾವಣಗೆರೆಯಲ್ಲಿ ಮೆಡಿಕಲ್ ಇಮೇಜಿಂಗ್ ಡಿಪ್ಲೊಮಾ ಸೇರುತ್ತೇನೆ ಎಂದಾಗ ನೆಂಟರಿಷ್ಟರು ಬಾಯಿ ಬಾಯಿ ಬಡಿದುಕೊಂಡರು. ನರ್ಸಿಂಗ್ ಆದರೂ ಸರಿ, ಫೋಟೊ ತೆಗೆಯಾಕೆ ಯಾರಾದ್ರೂ ಅಷ್ಟು ವರ್ಷ ಓದ್ತಾರಾ ಎಂದರು. ಗೌಸ್‌ಪೀರ್ ಒಂದೇ ಮಾತು ಹೇಳಿದರು: "ಗಾದಿ ಹೊಲಿಯಾಕೆ ಕಲಿಯಾಕೇ ನಂಗೆ ಏಳು ವರ್ಷ ಹಿಡೀತು. ಅವಳದು ಮನುಷ್ಯರ ಮೈ."

ಓದು ಮುಗಿಸಿದವಳು ಚನ್ನಗಿರಿಯ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಕೆಲಸಕ್ಕೆ ಸೇರಿದಳು. ಎಕ್ಸ್-ರೇ ಅವಳದೇ. ಹೊಟ್ಟೆಯ ಸ್ಕ್ಯಾನಿಂಗ್ ಡಾಕ್ಟರು ಮಾಡುತ್ತಿದ್ದರು, ಇವಳು ಯಂತ್ರ ಸಿದ್ಧಮಾಡಿ ಹೆಂಗಸರನ್ನು ಮಲಗಿಸಿ ಧೈರ್ಯ ಹೇಳುತ್ತಿದ್ದಳು. ಸ್ಕ್ಯಾನಿಂಗ್ ಅಂದರೆ ಏನು ಅಂತ ಇಷ್ಟು ವರ್ಷ ಬಸುರಿಯರನ್ನು ಹೊತ್ತು ತಿರುಗಿದ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಅವಳೇ ಹೇಳಿಕೊಟ್ಟಳು: "ಅದ್ರಾಗೆ ಬೆಳಕಿಲ್ಲ ಅಕ್ಕ, ಬರೀ ಶಬ್ದ. ನಮ್ಮ ಕಿವಿಗೆ ಕೇಳಲ್ಲ, ಅಷ್ಟೆ. ಬಾವಿಯೊಳಗೆ ಕೂಗು ಹಾಕಿದ್ರೆ ವಾಪಸ್ ಬರಲ್ವಾ? ಆ ವಾಪಸ್ ಬಂದಿದ್ದನ್ನ ಯಂತ್ರ ಚಿತ್ರ ಬರೀತೈತೆ." ಮಾರನೇ ದಿನದಿಂದ ನಾನು ಇದನ್ನು ನನ್ನದೇ ಮಾತು ಅನ್ನುವ ಹಾಗೆ ಊರಿಗೆಲ್ಲ ಹೇಳಿಕೊಂಡು ತಿರುಗಿದೆ.

ಚನ್ನಗಿರಿಯ ಸಾದಿಕ್‌ನನ್ನು ಮದುವೆಯಾದಳು. ಅವನು ಅಡಿಕೆ ಬೇಯಿಸುವ ಹಂಡೆಗಳಿಗೆ ಕಲಾಯಿ ಹಾಕುತ್ತಾನೆ, ಸುಗ್ಗಿ ಬಂದರೆ ಬಸವಾಪಟ್ಟಣದ ಕಡೆಯೇ ಇರುತ್ತಾನೆ. ಆಮೇಲೆ ಇವಳಿಗೆ ಟಿ.ಬಿ. ಹುಡುಕುವ ತಂಡದಲ್ಲಿ ಕೆಲಸ ಸಿಕ್ಕಿತು. ಈಗ ಎಕ್ಸ್-ರೇ ಯಂತ್ರವೇ ಊರಿಗೆ ಬರುತ್ತದೆ ನೋಡಿ. ಮದುವೆ ಫೋಟೊದವರ ಕ್ಯಾಮೆರಾಕ್ಕಿಂತ ಸ್ವಲ್ಪ ದಪ್ಪ, ಕೈಯಲ್ಲೇ ಹಿಡಿಯಬಹುದು. ಎದೆಯ ಮುಂದೆ ಒಂದು ಚೌಕದ ಪ್ಲೇಟು ನಿಲ್ಲಿಸಿ, ಬೆನ್ನ ಹಿಂದಿನಿಂದ ಯಂತ್ರ ಒತ್ತಿದರೆ ಚಿತ್ರ ಲ್ಯಾಪ್‌ಟಾಪಿಗೆ ಬಂದು ಕೂರುತ್ತದೆ. ಅಲ್ಲಿಂದ ದಾವಣಗೆರೆಯ ಡಾಕ್ಟರಿಗೆ ಹೋಗುತ್ತದೆ. ಜಗಳೂರು ಕಡೆ ಶಿಬಿರಗಳಿದ್ದಾಗ ಆಸ್ಮಾ ಅಲ್ಲಿ ಚಿಕ್ಕಮ್ಮನ ಮನೆಯಲ್ಲಿ ಉಳಿದು, ಡ್ರೈವರ್ ಸಿದ್ದು ಜೊತೆ ಜೀಪಿನಲ್ಲಿ ಹಳ್ಳಿ ಹಳ್ಳಿ ತಿರುಗುತ್ತಿದ್ದಳು. ಹಾಗೆಯೇ ಪುಷ್ಯ ಮಾಸದ ಚಳಿಯಲ್ಲಿ ನಮ್ಮ ಬಿಳಿಚೋಡಿಗೆ ಬಂದಳು.

ಆ ಹೊತ್ತಿಗೆ ನನ್ನ ಮನೆಯಲ್ಲೇ ಒಂದು ಕೆಮ್ಮು ಕೂತಿತ್ತು.

ನಮ್ಮ ಮಾವ ಕಲ್ಲೇಶಪ್ಪ. ಎಪ್ಪತ್ತು ದಾಟಿದ ಜೀವ. ಸಿಟ್ಟು ಬಂದರೆ ಎತ್ತುಗಳೂ ಕಿವಿ ನಿಮಿರಿಸುತ್ತಿದ್ದವು. ದೀಪಾವಳಿಯಿಂದ ಕೆಮ್ಮು ಶುರುವಾಗಿತ್ತು. ಮೈ ಇಳಿಯಿತು, ಅಂಗಿ ಜೋಲಾಡಿತು, ಸಂಜೆಯಾದರೆ ಮೈ ಬಿಸಿ. ಅವರ ಅಣ್ಣ ಹೀಗೇ ಕೆಮ್ಮುತ್ತ ಕೆಮ್ಮುತ್ತ ತೀರಿಕೊಂಡಿದ್ದನ್ನು ನಾನು ಮದುವೆಯಾಗಿ ಬಂದ ವರ್ಷವೇ ಕಂಡವಳು. ಕೆಮ್ಮಿನ ಸದ್ದು ಕೇಳಿದಾಗಲೆಲ್ಲ ನನಗೆ ಅದೇ ನೆನಪಾಗುತ್ತಿತ್ತು. ಊರಿನ ಕೆಮ್ಮಿಗೆಲ್ಲ ಓಡುವ ನಾನು, ನಮ್ಮ ಮಾವನ ಕೆಮ್ಮಿನ ಮುಂದೆ ಸೋತು ಕೂತಿದ್ದೆ. "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಓಣಿಯ ಹೆಂಗಸರು ಆಡಿಕೊಂಡರೆ ತಪ್ಪೇನಿತ್ತು?

ಅವರು ಎಕ್ಸ್-ರೇ ಬೇಡ ಎಂದದ್ದಕ್ಕೆ ಕಾರಣ ಅವರ ಕೊರಳಿನ ಇಷ್ಟಲಿಂಗ. ಚಿಕ್ಕಂದಿನಲ್ಲಿ ಅಯ್ಯನವರು ಕಟ್ಟಿದ್ದು, ಮೈಯಿಂದ ಬೇರೆ ಆಗಬಾರದು ಎಂಬ ಮಾತಿನ ಜೊತೆ. ದಿನಾ ಬೆಳಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಲಿಂಗವನ್ನು ಎಡಗೈಯ ಅಂಗೈಯಲ್ಲಿ ಇಟ್ಟುಕೊಂಡು ಕಣ್ಣು ಮಿಟುಕಿಸದೆ ನೋಡುತ್ತ ಕೂರುತ್ತಾರೆ. ಆಗ ಮನೆಯಲ್ಲಿ ಮಿಕ್ಸಿ ಹಾಕುವಂತಿಲ್ಲ. ಲಿಂಗ ಇಡುವ ಬೆಳ್ಳಿ ಕರಡಿಗೆ ಇದೆ, ಆದರೆ ಬಿಸಿಲಲ್ಲಿ ಬೆಳ್ಳಿ ಕಾದು ಎದೆ ಸುಡುತ್ತದೆ ಎಂದು ಹೊಲಕ್ಕೆ ಹೋಗುವ ಕಾಲದಿಂದಲೂ ಬಟ್ಟೆಯಲ್ಲಿ ಸುತ್ತಿ, ಶಿವದಾರದಿಂದ ಕೊರಳಿಗೆ ಕಟ್ಟಿಕೊಳ್ಳುತ್ತಾರೆ. ಎಕ್ಸ್-ರೇ ತೆಗೆಯುವಾಗ ಎದೆ ಮೇಲೆ ಏನೂ ಇರಬಾರದು ಎಂದು ನಾನು ಬಾಯಿ ತಪ್ಪಿ ಮೊದಲೇ ಹೇಳಿಬಿಟ್ಟಿದ್ದೆ.

"ಲಿಂಗ ಬಿಚ್ಚಿ ಫೋಟೊ ತೆಗಿಸ್ಕಂಡು ನಾನು ಯಾವ ಪೇಪರ್‌ನಾಗೆ ಬರಬೇಕಾಗೈತೆ?" ಎಂದರು.

"ಒಂದು ಗಳಿಗೆ ಮಾವ. ತಟ್ಟೆಯಾಗೆ ಇಟ್ಕಂಡು ನಾನೇ ಪಕ್ಕದಾಗೆ ನಿಂತಿರ್ತೀನಿ."

"ನಿಮ್ಮವ್ವಂಗೆ ಹೇಳು," ಎಂದು ಅವರು ಮೊಮ್ಮಗಳು ಮೇಘಶ್ರೀ ಕಡೆ ತಿರುಗಿದರು, "ಲಿಂಗ ಅಂದ್ರೆ ಉಪ್ಪಿನಕಾಯಿ ಅಲ್ಲ, ತಟ್ಟೆಯಾಗೆ ಇಡಾಕೆ ಅಂತ ಹೇಳು."

ಆವತ್ತಿನಿಂದ ನನ್ನ ಜೊತೆ ನೇರ ಮಾತೇ ಇಲ್ಲ. ಎಲ್ಲವೂ "ನಿಮ್ಮವ್ವಂಗೆ ಹೇಳು" ಮೂಲಕವೇ. ನೀರು ಬೇಕಾದರೂ ಹಾಗೇ, ಉಪ್ಪು ಹೆಚ್ಚಾದರೂ ಹಾಗೇ. ಮೊದಲೇ ನಮ್ಮ ಮನೆಯಲ್ಲಿ ಸೊಸೆ ಮಾವನ ಮೈ ಸೋಕುವುದಿಲ್ಲ, ಊಟದ ತಟ್ಟೆಯನ್ನು ಮುಂದಿಟ್ಟು ಹಿಂದೆ ಸರಿಯುವುದು ರೀತಿ. ಈಗ ಮಾತೂ ನಿಂತಿತು. ಪಿಯುಸಿ ಪರೀಕ್ಷೆಗೆ ಓದುವ ಹುಡುಗಿ ನಮ್ಮಿಬ್ಬರ ನಡುವೆ ಫೋನಿನ ಕಂಬವಾಗಿ ನಿಂತಳು.

ಶಿಬಿರ ಶಾಲೆಯ ಕೋಣೆಯಲ್ಲಿ ನಡೆಯಿತು. ನಾನು ಆಸ್ಮಾಳಿಗೆ ಮನೆಯ ಕಥೆಯನ್ನೆಲ್ಲ ಹೇಳಿದ್ದೆ. ಅವಳು "ಬೈಯಬ್ಯಾಡ್ರಿ ಅಕ್ಕ, ನಮ್ಮಪ್ಪನೂ ತಾಯತ ಬಿಚ್ಚಲ್ಲ" ಎಂದಳು. ಲಿಂಗ ಕಟ್ಟಿದ ಹಿರಿಯರು ಬಂದರೆ ಅವಳದೊಂದು ನಿಯಮವಿತ್ತು. ತಾನು ಅದನ್ನು ಮುಟ್ಟುವುದಿಲ್ಲ. ಅವರವರ ಮನೆಯವರ ಕೈಗೇ ಕೊಡಿಸುತ್ತಾಳೆ. ಅವರು ಬಿಚ್ಚುವಾಗ ತಾನು ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಾಳೆ. "ಅದು ಅವ್ರ ಮತ್ತೆ ದೇವ್ರ ನಡುವಿಂದು, ನಾನ್ಯಾಕೆ ನೋಡಲಿ" ಎನ್ನುತ್ತಿದ್ದಳು. ಅವಳ ಈ ನಡತೆ ಕಂಡು ನಮ್ಮ ಮುದುಕರೆಲ್ಲ ಕರಗಿಹೋಗಿದ್ದರು.

ಮಧ್ಯಾಹ್ನ ದಾಟಿತು, ಮಾವ ಬರಲಿಲ್ಲ. ಯಂತ್ರ ಕಟ್ಟಿಡುವ ಹೊತ್ತಿಗೆ ನೋಡಿದರೆ, ಮೇಘಶ್ರೀ ಕೈ ಹಿಡಿದು ಎಳೆದುಕೊಂಡು ಬರುತ್ತಿದ್ದಾಳೆ! "ನೀನು ಫೋಟೊ ತೆಗಿಸ್ಕಳ್ಳಲಿಲ್ಲ ಅಂದ್ರೆ ನಾನು ಪರೀಕ್ಷೆ ಬರಿಯಲ್ಲ" ಎಂದು ಹೆದರಿಸಿದ್ದಳಂತೆ. ಮಾವ ನನ್ನ ಕಡೆ ನೋಡಲೇ ಇಲ್ಲ. ಆಸ್ಮಾ ಎದ್ದು ನಿಂತು, "ಬರ್ರಿ ಅಜ್ಜ. ಅಂಗಿ ತೆಗೀರಿ, ಚಳಿ ಐತೆ, ತೆಳ್ಳನೆ ವಲ್ಲಿ ಹೊದ್ಕಳ್ರಿ ಪರವಾಗಿಲ್ಲ. ಲಿಂಗ ಮಾತ್ರ ಮಕ್ಕಳ ಕೈಯಾಗೆ ಕೊಡ್ರಿ" ಎಂದು ಗೋಡೆಯ ಕಡೆ ತಿರುಗಿದಳು. ನನ್ನನ್ನೂ ಮೇಘಶ್ರೀಯನ್ನೂ ಮಾವ ಕೈಸನ್ನೆಯಲ್ಲೇ ಹೊರಗೆ ಅಟ್ಟಿದರು. ತಾವೇ ಬಿಚ್ಚಿ ಎಲ್ಲಾದರೂ ಭದ್ರವಾಗಿ ಇಡುತ್ತಾರೇನೋ ಅಂದುಕೊಂಡೆ. "ಆಯ್ತಾ ಅಜ್ಜ?" ಎಂದು ಅವಳು ಕೇಳಿದ್ದು ಹೊರಗೆ ಕೇಳಿಸಿತು. ಬಾವಿಗೆ ಧುಮುಕುವ ಮಾತೂ ಕೇಳಿಸಿತು. ಒಂದು ಗಳಿಗೆಯಲ್ಲಿ ಮುಗಿಯಿತು. ಅಂಗಿ ತೊಟ್ಟು ಹೊರಗೆ ಬಂದ ಮಾವನ ಮುಖ ಎಂದಿನಂತೆ ಗಂಟಾಗಿತ್ತು. ನನಗೆ ಮಾತ್ರ ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಗಿತ್ತು. ಆ ರಾತ್ರಿ ಹಬ್ಬದ ಹಾಗೆ ಹೋಳಿಗೆ ಮಾಡಿದೆ.

ಮಾರನೇ ಬೆಳಗ್ಗೆ ಜೀಪು ನಮ್ಮ ಮನೆ ಮುಂದೆಯೇ ಬಂದು ನಿಂತಿತು. ಸೊಕ್ಕೆಯ ಶಿಬಿರಕ್ಕೆ ಹೊರಟಿದ್ದವರು ಇಲ್ಲಿಗೆ ಯಾಕೆ ಬಂದರು ಅಂತ ನಾನು ಬಾಗಿಲಿಗೆ ಓಡಿದೆ. ಆಸ್ಮಾ ಒಳಗೆ ಬಂದು ನನ್ನನ್ನು ಅಡುಗೆಮನೆಗೆ ಕರೆದಳು. ಲ್ಯಾಪ್‌ಟಾಪ್ ತೆರೆದಳು. ಮಾವನ ಎದೆ. ಪಕ್ಕೆಲುಬುಗಳ ನಡುವೆ, ಬಲಗಡೆಗೆ, ಬೆಳ್ಳಗೆ ದುಂಡನೆಯದೊಂದು ನೆರಳು. ಇಲ್ಲಿ ಅನುಮಾನ ಇದೆ ಅಂತ ಕಂಪ್ಯೂಟರೇ ಅದರ ಸುತ್ತ ಕೆಂಪು ಬಳಿದಿತ್ತು.

"ಡಾಕ್ಟರು ನೋಡಿದ್ರು ಅಕ್ಕ. ಏನು ಅಂತ ಈ ಫೋಟೊದಾಗೆ ಹೇಳಾಕೆ ಆಗಲ್ಲ, ಬೇಗ ದಾವಣಗೆರೆಗೆ ಕರ್ಕಂಡು ಬಂದು ಸಿ.ಟಿ. ಮಾಡಿಸ್ರಿ ಅಂದ್ರು. ಫೋನ್‌ನಾಗೆ ಹೇಳಾಕೆ ನಂಗೆ ಮನಸ್ಸು ಬರಲಿಲ್ಲ."

"ಗಡ್ಡೆಯಾ?"

ಅವಳು ನನ್ನ ಕೈ ಹಿಡಿದುಕೊಂಡಳು. ನಾನು ಊರಿನ ಎಷ್ಟೋ ಮನೆಗಳಲ್ಲಿ ಇಂಥ ಸುದ್ದಿ ಹೇಳಿ ಧೈರ್ಯ ತುಂಬಿದವಳು. ಆವತ್ತು ಒಲೆಯ ಮುಂದೆ ಕುಕ್ಕರಿಸಿ, ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಜಗಳವಾಡಿದ್ದು ನೆನಪಾಯಿತು, ಮಾತು ಬಿಟ್ಟದ್ದು ನೆನಪಾಯಿತು. ನನಗೆ ಆ ಮುದುಕ ಬೇಕಾಗಿತ್ತು. ನನ್ನ ಅಡುಗೆಗೆ ಹೆಸರಿಡಲಿಕ್ಕಾದರೂ ಬೇಕಾಗಿತ್ತು.

ಮೇಘಶ್ರೀ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅವಳ ಅಳು ನನ್ನ ಹಾಗೆ ಬಾಯಿಗೆ ಬಟ್ಟೆ ಇಟ್ಟ ಅಳುವಲ್ಲ. ಮನೆಯೇ ಹಾರಿಹೋಗುವ ಹಾಗೆ ಕೂಗಿಕೊಂಡಳು. ಪೂಜೆ ಮುಗಿಸಿ ಎದ್ದಿದ್ದ ಮಾವ ಕೆಮ್ಮುತ್ತ ಅಡುಗೆಮನೆಯ ಬಾಗಿಲಿಗೇ ಬಂದರು.

"ಏನಂತೆ? ಸತ್ತಿದ್ಯಾರು?"

ಆಸ್ಮಾ ಲ್ಯಾಪ್‌ಟಾಪ್ ಮುಚ್ಚಲು ಹೋದಳು. "ತೆಗಿ ಅದನ್ನ" ಎಂದು ಮಾವ ಗದರಿದರು. "ನನ್ನ ಎದೆ ತಾನೆ? ನಂಗೇ ತೋರಿಸ್ಲಿಲ್ಲ ಅಂದ್ರೆ ಇನ್ಯಾರಿಗೆ ತೋರಿಸ್ತೀ?"

ಅವಳು ತೋರಿಸಿದಳು. ಮೆಲ್ಲಗೆ, ಅಜ್ಜ ಇದು ಪಕ್ಕೆಲುಬು, ಇದು ಹೃದಯ, ಇಲ್ಲೊಂದು ನೆರಳು ಬಂದೈತೆ, ಹೆದರಬ್ಯಾಡ್ರಿ, ಇನ್ನೊಂದು ಪರೀಕ್ಷೆ ಮಾಡಿದ್ರೆ ಗೊತ್ತಾಗ್ತೈತೆ ಎಂದಳು. ಮಾವ ಕನ್ನಡಕ ತರಿಸಿಕೊಂಡರು. ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. ಬಹಳ ಹೊತ್ತು ನೋಡಿದರು, ಕಣ್ಣು ಮಿಟುಕಿಸದೆ. ಆಮೇಲೆ ಅವರ ಮೀಸೆ ಅಲುಗಿತು. ನಾನು ಅಳುತ್ತಿದ್ದಾರೆ ಅಂದುಕೊಂಡೆ. ನಗುತ್ತಿದ್ದರು!

"ಇದೇನಾ ಗಡ್ಡೆ? ಅಯ್ಯೋ ಹುಚ್ಚವ್ವಗಳಿರಾ. ಇದನ್ನ ನಾನು ಹುಡುಗ ಇದ್ದಾಗಿಂದ ದಿನಾ ಬೆಳಿಗ್ಗೆ ಅಂಗೈಯಾಗೆ ಇಟ್ಕಂಡು ನೋಡ್ತೀನಿ. ನಂಗೆ ಗುರುತು ಸಿಗಲ್ವಾ?"

"ಅಜ್ಜ," ಎಂದಳು ಆಸ್ಮಾ, "ನಿನ್ನೆ ಬಿಚ್ಚಿದ್ರಿ ಅಲ್ವಾ? ಆಯ್ತಾ ಅಂತ ನಾನು ತಿರುಗಿ ನೋಡಿದ್ರೆ ಗೋಣು ಹಾಕಿದ್ರಿ."

"ಬಿಚ್ಚಿದೆ ಅಂತ ಬಾಯಲ್ಲಿ ಹೇಳ್ಲಿಲ್ಲವ್ವ ನಾನು. ಸುಳ್ಳು ಹೇಳೋನಲ್ಲ. ಮೈ ಬಿಟ್ಟು ಹೋಗಬಾರದು, ಎದೆ ಮ್ಯಾಲೂ ಇರಬಾರದು. ಅದಕ್ಕೇ ಬೆನ್ನಿಗೆ ಸರಿಸಿ ಮ್ಯಾಲೆ ವಲ್ಲಿ ಹೊದ್ದೆ."

ಆಸ್ಮಾ ನೆಲದ ಮೇಲೆ ಕೂತುಬಿಟ್ಟಳು. ಬೆಳ್ಳಿಯ ಕರಡಿಗೆ ಆಗಿದ್ದರೆ ಚಿತ್ರ ನೋಡಿದ ಕೂಡಲೇ ಲೋಹ ಅಂತ ಗೊತ್ತಾಗುತ್ತಿತ್ತು. ಬಟ್ಟೆ ಸುತ್ತಿದ ಲಿಂಗ, ಪ್ಲೇಟಿನಿಂದ ದೂರ ಬೆನ್ನಿನ ಮೇಲೆ, ಅಂಚು ಮಸುಕಾಗಿ ಗಡ್ಡೆಯ ಹಾಗೇ ಬಂದಿತ್ತು. "ನಾನು ವಲ್ಲಿ ಕೆಳಗೆ ಬೆನ್ನು ಒಂದ್ಸಲ ನೋಡಬೇಕಿತ್ತು ಅಕ್ಕ. ವಲ್ಲಿ ಸರಿಸ್ರಿ ಅನ್ನಾಕೆ ಸಂಕೋಚ ಆತು" ಎಂದಳು. ಹಿರಿಯರ ಮರ್ಯಾದೆಗೆಂದು ಇವಳು ನೋಡಲಿಲ್ಲ. ಲಿಂಗದ ಮರ್ಯಾದೆಗೆಂದು ಅವರು ಹೇಳಲಿಲ್ಲ. ಇಬ್ಬರ ಮರ್ಯಾದೆಯ ನಡುವೆ ನನ್ನ ಜೀವ ಬಾಯಿಗೆ ಬಂದಿತ್ತು!

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ನಿಮ್ಮ ಬೆನ್ನಿಗಿಷ್ಟು ಬೆಂಕಿ ಹಾಕ! ರಾತ್ರಿ ಹೋಳಿಗೆ ತಿನ್ನುವಾಗಾದ್ರೂ ಹೇಳಾಕೆ ಏನಾಗಿತ್ತು ನಿಮಗೆ?" ಎಂದು ಮಾವನಿಗೆ ಎದುರೆದುರೇ ಕೂಗಿದೆ. ಮದುವೆಯಾಗಿ ಬಂದಾಗಿನಿಂದ ಅವರಿಗೆ ಹಾಗೆ ಅಂದವಳಲ್ಲ. ಮಾವ ತೆಪ್ಪಗಾಗಿ ಮೇಘಶ್ರೀಗೆ ಹೇಳಿದರು: "ನಿಮ್ಮವ್ವಂಗೆ ಹೇಳು, ಹೋಳಿಗೆ ಚೆನ್ನಾಗಿತ್ತು ಅಂತ."

ಆಸ್ಮಾ ಆಗಲೇ ಡಾಕ್ಟರಿಗೆ ಫೋನ್ ಹಚ್ಚಿದ್ದಳು. ತನ್ನ ತಪ್ಪು ಎಂದೇ ಹೇಳಿದಳು. ಆ ಕಡೆಯಿಂದ ನಗು ಕೇಳಿಸಿತು, ಆಮೇಲೆ ಇನ್ನೊಂದು ಫೋಟೊ ತೆಗೆಯಿರಿ ಎಂಬ ಮಾತು. ಆದರೆ ಪ್ರಶ್ನೆ ಮತ್ತೆ ಅಲ್ಲಿಗೇ ಬಂದು ನಿಂತಿತು. ಲಿಂಗ ಎಲ್ಲಿ? ತಟ್ಟೆಗೆ ಇಳಿಸುವುದಿಲ್ಲ ಎಂದು ಮಾವ ಪಟ್ಟು ಹಿಡಿದು ಕೂತರು. ಕೆಮ್ಮು ಮಾತ್ರ ನಿಂತಿರಲಿಲ್ಲ. ಗಡ್ಡೆ ಇಲ್ಲ ಸರಿ, ಈ ಕೆಮ್ಮು ಯಾತರದ್ದು? ಅದಿನ್ನೂ ಗೊತ್ತಾಗಬೇಕಿತ್ತು. ಮಾವನ ಅಣ್ಣನನ್ನು ಕೊಂಡೊಯ್ದದ್ದು ಇದೇ ಕೆಮ್ಮು.

ಆಸ್ಮಾ ಫೋನ್ ಕೆಳಗಿಟ್ಟಳು. "ಅಜ್ಜ, ಬೆಳಿಗ್ಗೆ ಪೂಜೆಯಾಗೆ ಲಿಂಗ ಎಲ್ಲಿರ್ತೈತೆ?"

"ಎಡಗೈ ಅಂಗೈಯಾಗೆ. ಆಗಲೇ ಹೇಳಿದ್ನಲ್ಲ."

"ಹಂಗಾದ್ರೆ ಅಲ್ಲೇ ಇರ್ಲಿ. ಮೈ ಬಿಟ್ಟು ಹೋಗಂಗಿಲ್ಲ, ಎದೆ ಮ್ಯಾಲೂ ಇರಂಗಿಲ್ಲ. ಪ್ಲೇಟನ್ನ ಮೊಮ್ಮಗಳನ್ನ ತಬ್ಬಿಕೊಂಡಂಗೆ ತಬ್ಬಿಕೊಳ್ರಿ. ಎಡಗೈ ಪ್ಲೇಟಿನ ಆಚೆ ಹೋಗ್ಲಿ, ಅಂಗೈಯಾಗೆ ಲಿಂಗ ಇಟ್ಕಂಡು ಅದನ್ನೇ ನೋಡ್ತಾ ನಿಲ್ರಿ. ಪೂಜೆ ಮಾಡಿದಂಗೆ."

ಮಾವ ಅವಳನ್ನೇ ನೋಡಿದರು. "ಇಷ್ಟು ಸುಲಭ ಇತ್ತಾ? ನಿನ್ನೆ ಯಾಕೆ ಹೇಳ್ಲಿಲ್ಲವ್ವ?"

"ನಿನ್ನೆ ನೀವು ನಂಗೆ ಪೂಜೆ ಹೇಳಿಕೊಟ್ಟಿರಲಿಲ್ಲ ಅಜ್ಜ."

ಸಿದ್ದು ಯಂತ್ರವನ್ನು ಒಳಗೆ ತಂದ. ಪಡಸಾಲೆಯ ನಡುವೆ ಪ್ಲೇಟು ನಿಲ್ಲಿಸುವ ಸ್ಟ್ಯಾಂಡ್ ಹಾಕಿದರು. ಮೇಘಶ್ರೀಯನ್ನೂ ಸಿದ್ದುವನ್ನೂ ಆಸ್ಮಾ ಬೀದಿಗೆ ಕಳಿಸಿದಳು. ಮಾವನಿಗೆ ಆಯ ತಪ್ಪಿದರೆ ಇರಲಿ ಎಂದು ನನಗೆ ಸೀಸದ ಏಪ್ರನ್ ಕಟ್ಟಿ ಪಕ್ಕಕ್ಕೆ ನಿಲ್ಲಿಸಿದಳು. ಅಬ್ಬಾ, ಅದರ ಭಾರವೇ! ಎರಡು ಕೊಡ ನೀರು ಹೊತ್ತ ಹಾಗೆ. "ದೂರ ನಿಲ್ರಿ ಅಕ್ಕ, ಕೈ ಅಡ್ಡ ತರಬ್ಯಾಡ್ರಿ" ಎಂದು ತಾಕೀತು ಮಾಡಿದಳು. ಈ ಸಲ ಗೋಡೆಗೆ ಮುಖ ಮಾಡಲಿಲ್ಲ. "ಅಜ್ಜ, ಬೆನ್ನು ನೋಡ್ತೀನಿ" ಎಂದು ಹೇಳಿ ನೋಡಿದಳು.

ಮಾವ ಬರಿಮೈಯಲ್ಲಿ ಪ್ಲೇಟು ತಬ್ಬಿ ನಿಂತರು. ಎಡ ಅಂಗೈಯಲ್ಲಿ ಲಿಂಗ. ದೃಷ್ಟಿ ಅದರ ಮೇಲೆ ನೆಟ್ಟಿತು. ಬಾವಿಯ ಮಾತೂ ಬೇಕಾಗಲಿಲ್ಲ, ಉಸಿರು ತಾನಾಗಿಯೇ ಒಳಗೆ ನಿಂತಿತು. ಆಸ್ಮಾ ಯಂತ್ರ ಎತ್ತಿದಳು. ಅಷ್ಟರಲ್ಲಿ ಮಾವನ ಎದೆಯಲ್ಲಿ ಕೆಮ್ಮು ಒದ್ದುಕೊಂಡು ಬಂತು. ತಡೆಹಿಡಿದರು. ಮೈ ವಾಲಿತು, ಅಂಗೈ ಓರೆಯಾಯಿತು. ಲಿಂಗ ನೆಲಕ್ಕೆ ಬಿದ್ದರೆ ಈ ಮುದುಕ ಬದುಕುವುದಿಲ್ಲ ಎಂದು ನನಗೆ ಗೊತ್ತಿತ್ತು. ರೀತಿ ರಿವಾಜು ಎಲ್ಲ ಮರೆತು ಹೋಗಿ, ಹಾರಿ ಅವರ ರಟ್ಟೆ ಹಿಡಿದುಬಿಟ್ಟೆ. ಅದೇ ಗಳಿಗೆಗೆ ಯಂತ್ರ ಕ್ಲಿಕ್ ಎಂದಿತು.

ಲಿಂಗ ಬೀಳಲಿಲ್ಲ. ಮಾವ ಬೀಳಲಿಲ್ಲ. ಆಸ್ಮಾ ಮಾತ್ರ ನನ್ನ ಮೇಲೆ ಬಿದ್ದಳು. "ಕೈ ತರಬ್ಯಾಡ್ರಿ ಅಂದ್ರೆ ತಂದ್ರಲ್ಲ ಅಕ್ಕ! ಆಶಾ ಆಗಿ ನೀವೇ ಹಿಂಗೆ ಮಾಡಿದ್ರೆ?" ಎಂದು ಬೈದಳು. ಅವಳು ಬೈದದ್ದು ಅದೊಂದೇ ಸಲ. ಲ್ಯಾಪ್‌ಟಾಪಿನಲ್ಲಿ ಚಿತ್ರ ಬಂತು. ದುಂಡು ನೆರಳು ಮಾಯವಾಗಿತ್ತು. ಅಂಚಿನಲ್ಲಿ, ಮಾವನ ರಟ್ಟೆಯ ಮೇಲೆ, ನನ್ನ ಬೆರಳಿನ ಮೂಳೆಗಳು ಸಾಲಾಗಿ ಬಿದ್ದಿದ್ದವು. ಮಣಿಕಟ್ಟಿನ ಸುತ್ತ ಗಾಜಿನ ಬಳೆಗಳು, ಒಂದರ ಪಕ್ಕ ಒಂದು. ಮಾವ ಬಗ್ಗಿ ನೋಡಿದರು.

"ಮೊದಲನೇ ಫೋಟೊದಾಗೆ ಶಿವ ಬಂದ. ಎರಡನೇದ್ರಾಗೆ ಸೊಸೆ ಬಂದ್ಲು. ನನ್ನೊಬ್ಬನ್ದೇ ಫೋಟೊ ಬರೋದು ಯಾ ಕಾಲಕ್ಕೋ!"

ಎದೆ ಎರಡೂ ಕಡೆ ಪೂರ್ತಿ ಕಾಣುತ್ತಿದ್ದುದರಿಂದ ಅದನ್ನೇ ಕಳಿಸಿದಳು. ಬಲಗಡೆ ಮೇಲೆ, ಭುಜದ ಮೂಳೆಯ ಕೆಳಗೆ, ಹತ್ತಿ ಹಿಂಜಿ ಇಟ್ಟಂಥ ಸಣ್ಣ ಬಿಳಿ ಕಲೆಯೊಂದಿತ್ತು. ಹಿಂದಿನ ದಿನ ಎಲ್ಲರ ಕಣ್ಣೂ ಆ ದುಂಡು ನೆರಳಿನ ಮೇಲೇ ಇದ್ದುದರಿಂದ ಇದು ಯಾರ ಗಮನಕ್ಕೂ ಬಂದಿರಲಿಲ್ಲ. ಕಫದ ಪರೀಕ್ಷೆ ಮಾಡಿಸಿದೆವು. ಟಿ.ಬಿ. ಎಂದು ಗೊತ್ತಾಯಿತು. ನಾನು ಅಳಲಿಲ್ಲ. ಟಿ.ಬಿ. ನನ್ನ ಕೈಗೆ ಸಿಕ್ಕಿದ ಶತ್ರು, ಅದರ ಮಾತ್ರೆ ನನ್ನ ಚೀಲದಲ್ಲೇ ಇದೆ. ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಂಡೆವು, ಬೇರೆ ಯಾರಿಗೂ ಇರಲಿಲ್ಲ.

ದಿನಾ ಬೆಳಗ್ಗೆ ಪೂಜೆ ಆದ ಮೇಲೆ ಮಾತ್ರೆ. ನಾನೇ ಅಂಗೈಯಲ್ಲಿ ಇಟ್ಟು, ನುಂಗುವ ತನಕ ಎದುರಿಗೆ ನಿಲ್ಲುತ್ತಿದ್ದೆ. "ಬಾಯಿ ತೆಗೀರಿ, ನಾಲಿಗೆ ಎತ್ರಿ." ಬೆನ್ನಿಗೆ ಲಿಂಗ ಬಚ್ಚಿಟ್ಟವರು ಕೆನ್ನೆಯಲ್ಲಿ ಮಾತ್ರೆ ಬಚ್ಚಿಡದೆ ಬಿಡುತ್ತಾರೆಯೇ? ಮಾವ ಗೊಣಗುತ್ತಿದ್ದರು, ಆದರೆ ನೇರವಾಗಿ ನನಗೇ ಗೊಣಗುತ್ತಿದ್ದರು. ಮೇಘಶ್ರೀಗೆ ಕಂಬದ ಕೆಲಸ ತಪ್ಪಿತು. ಯುಗಾದಿ ಹೊತ್ತಿಗೆ ಜ್ವರ ಬಿಟ್ಟಿತು, ಮಳೆ ಹಿಡಿಯುವ ಹೊತ್ತಿಗೆ ಅಂಗಿ ಮತ್ತೆ ಮೈಗೆ ಕೂತಿತು. ಒಂದು ದಿನ ಸಾರಿಗೆ ಹುಳಿ ಜಾಸ್ತಿ ಎಂದು ತಟ್ಟೆ ಸರಿಸಿದರು. ನನಗೆ ಎಷ್ಟು ಖುಷಿಯಾಯಿತೆಂದರೆ ಒಳಗೆ ಹೋಗಿ ಒಬ್ಬಳೇ ನಕ್ಕೆ.

ಆಸ್ಮಾ ಈಗ ಲಿಂಗ ಕಟ್ಟಿದ ಹಿರಿಯರು ಬಂದರೆ ತಟ್ಟೆಯ ಮಾತೇ ಎತ್ತುವುದಿಲ್ಲ. ಅಂಗೈ, ಇಲ್ಲವಾದರೆ ತೋಳಿಗೆ ಕಟ್ಟಿಕೊಳ್ಳಲು ಒಂದು ಪಟ್ಟಿ. ಆ ಪಟ್ಟಿಗಳನ್ನು ಗೌಸ್‌ಪೀರ್ ನ್ಯಾಮತಿಯಲ್ಲಿ ಕೂತು ಹೊಸ ಗಾದಿ ಬಟ್ಟೆಯಲ್ಲಿ ಹೊಲಿದು ಕೊಟ್ಟಿದ್ದಾರೆ, ಒಬ್ಬೊಬ್ಬರಿಗೂ ಹೊಸದೇ. "ಲಿಂಗಕ್ಕೆ ಕಟ್ಟೋದು, ಹಳೇ ಬಟ್ಟೆ ಬ್ಯಾಡ" ಎಂದರಂತೆ. ನಮ್ಮ ಮೇಘಶ್ರೀ ಪಿಯುಸಿ ಪಾಸಾಗಿ ಅದೇ ಇಮೇಜಿಂಗ್ ಡಿಪ್ಲೊಮಾಗೆ ದಾವಣಗೆರೆಗೆ ಸೇರಿದಳು. ಫೋಟೊ ತೆಗೆಯಾಕೆ ಅಷ್ಟು ವರ್ಷ ಯಾಕೆ ಎಂದು ನಮ್ಮ ನೆಂಟರೂ ಕೇಳಿದರು. ಈ ಸಲ ಉತ್ತರ ಕೊಟ್ಟವರು ಮಾವ: "ನನ್ನ ಎರಡು ಫೋಟೊದ ಕಥೆ ಕೇಳ್ರಿ, ಆಮ್ಯಾಲೆ ಮಾತಾಡ್ರಿ."

ಮಾತ್ರೆ ಮುಗಿದ ಮೇಲೆ ಕೊನೆಯ ಫೋಟೊ ತೆಗೆಯಲು ಆಸ್ಮಾ ಮತ್ತೆ ಬಂದಳು. ಮಾವ ಪ್ಲೇಟು ತಬ್ಬಿದರು, ಅಂಗೈ ನೋಡಿದರು, ಉಸಿರು ನಿಲ್ಲಿಸಿದರು. ಕೆಮ್ಮು ಬರಲಿಲ್ಲ. ನಾನು ಬಾಗಿಲ ಆಚೆ ಕೈ ಕಟ್ಟಿಕೊಂಡು ನಿಂತಿದ್ದೆ. ಎದೆ ಸ್ವಚ್ಛವಾಗಿತ್ತು. ಕಲೆ ಇದ್ದ ಕಡೆ ದಾರದಷ್ಟು ಗೆರೆ, ಅಷ್ಟೇ. ಆಸ್ಮಾಳ ಕಣ್ಣು ತುಂಬಿದವು.

ಅವಳು ಚನ್ನಗಿರಿಯಲ್ಲಿ ಅದರ ಫಿಲ್ಮು ಹಾಕಿಸಿ, ಎರಡು ವಾರ ಬಿಟ್ಟು ಲಕೋಟೆಯಲ್ಲಿ ತಂದುಕೊಟ್ಟಳು. ಮಾವ ಅದನ್ನು ಹೊರಗೆ ತೆಗೆದು ಬಾಗಿಲ ಬೆಳಕಿಗೆ ಹಿಡಿದರು. ತಿರುಗಿಸಿ ಮುರುಗಿಸಿ ನೋಡಿದರು.

"ಇದು ಯಾರದವ್ವ?"

"ನಿಮ್ದೇ ಅಜ್ಜ. ಕೊನೇದು. ಏನೂ ಇಲ್ಲ, ಎದೆ ಪೂರ್ತಿ ಚೆನ್ನಾಗೈತೆ. ನಿಮ್ಮೊಬ್ರದೇ ಫೋಟೊ ಕೊನೆಗೂ ಬಂತು ನೋಡ್ರಿ."

ಮಾವ ಅದನ್ನು ಮೆಲ್ಲಗೆ ಲಕೋಟೆಗೆ ಸೇರಿಸಿ ಅವಳ ಕೈಗೇ ವಾಪಸ್ ಕೊಟ್ಟರು.

"ಇದು ಸರ್ಕಾರಕ್ಕೇ ಇರ್ಲಿ. ನಂಗೆ ಬಳೆ ಇರೋದನ್ನ ಹಾಕಿಸ್ಕೊಡು."

"ಅದು ತಪ್ಪು ಫೋಟೊ ಅಜ್ಜ," ಎಂದು ಆಸ್ಮಾ ನಕ್ಕಳು, "ಕೈ ಅಡ್ಡ ಬಂದೈತೆ."

"ಅಡ್ಡ ಬಂದಿದ್ದಕ್ಕೇ ನಾನು ಉಳ್ಕಂಡಿದ್ದು" ಎಂದರು ಮಾವ. ಆಮೇಲೆ ಅಡುಗೆಮನೆಯ ಕಡೆ ತಿರುಗಿ ನನ್ನನ್ನೇ ಕೂಗಿದರು: "ಅನ್ನಪೂರ್ಣ, ಈ ಹುಡುಗಿಗೆ ಹೋಳಿಗೆ ಮಾಡವ್ವ. ಹುಳಿ ಹಾಕಬ್ಯಾಡ."